ನನ್ನ ಓಟು, ನನ್ನ ಮನಸ್ಸು

ನಮ್ಮ ಬಸವೇಶ್ವರನಗರದ ಮನೆಯಲ್ಲಿ ಏಳು ಜನ. ಭಾನುವಾರ ಬಂತೆಂದರೆ ತಿಂಡಿಗೆ ಜಗಳ. 2018ರ ಮೇ ತಿಂಗಳು, ವಿಧಾನಸಭೆಯ ಫಲಿತಾಂಶ ಬಂದ ವಾರ, "ನೀವೂ ಓಟು ಹಾಕಿಬಿಡಿ" ಎಂದೆ. ಚಿತ್ರಾನ್ನಕ್ಕೆ ಮೂರು, ಇಡ್ಲಿಗೆ ಎರಡು, ದೋಸೆಗೆ ಎರಡು. ಚಿತ್ರಾನ್ನ ಗೆದ್ದಿತು. ನಮ್ಮತ್ತೆ ತಟ್ಟೆ ಸರಿಸಿ, "ನಾಲ್ಕು ಜನಕ್ಕೆ ಬೇಡವಾದದ್ದು ಅದ್ಹೇಗಮ್ಮಾ ಗೆಲ್ತು?" ಎಂದರು.

ನಗು ಬಂತು. ಆಮೇಲೆ ಪೇಪರು ಬಿಡಿಸಿದರೆ ಅಲ್ಲೂ ಅದೇ ಕಥೆ! ಚುನಾವಣೆ ನಡೆದದ್ದು 222 ಕ್ಷೇತ್ರಗಳಲ್ಲಿ. ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 38 ಮತ, ಸ್ಥಾನ 78. ಬಿಜೆಪಿಗೆ ಸುಮಾರು 36 ಮತ, ಸ್ಥಾನ ಮಾತ್ರ 104. ಜನತಾದಳಕ್ಕೆ ಸುಮಾರು 18 ಮತ, 37 ಸ್ಥಾನ. ಒಂದೊಂದು ಕ್ಷೇತ್ರದ ಎಣಿಕೆಯೂ ಬೇರೆ ಬೇರೆ ನೋಡಿ. ಹತ್ತು ಮತದಿಂದ ಗೆದ್ದರೂ ಒಂದೇ ಸ್ಥಾನ, ಐವತ್ತು ಸಾವಿರದಿಂದ ಗೆದ್ದರೂ ಒಂದೇ ಸ್ಥಾನ. ಕೊನೆಗೆ ಇಡ್ಲಿಯವರೂ ದೋಸೆಯವರೂ ಒಂದಾದ ಹಾಗೆ ಕಾಂಗ್ರೆಸ್ಸು, ದಳ ಸೇರಿ, ದಳದ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದರು. 14 ತಿಂಗಳಿಗೆ ಆ ಸರ್ಕಾರವೂ ಬಿತ್ತು. ಬೆಂಗಳೂರಿನಲ್ಲಂತೂ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಮತಗಟ್ಟೆಯ ಕಡೆ ತಲೆಯೇ ಹಾಕಿರಲಿಲ್ಲ. ಹಾಗಾದರೆ ಜನ ಬಯಸಿದ್ದು ಯಾರನ್ನು? ನೀವೇ ಹೇಳಿ.

ಹೀಗೆ ಊರಿನವರ ಲೆಕ್ಕ ಹಾಕುತ್ತಿದ್ದವಳಿಗೆ ನನ್ನದೇ ನೆನಪಾಗಿ ಎದೆ ಚುರುಕ್ಕೆಂದಿತು. ಮದುವೆಯಾದಾಗಿನಿಂದ ಮತಗಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮವರು ಗುರುತು ಹೇಳುವರು, ನಾನು ಒತ್ತಿ ಬರುವೆ. ನನಗೆ ಬೇಕಾದದ್ದೇನು? ಕೊಳಾಯಿ ನೀರು ನಡುರಾತ್ರಿ ಬಿಟ್ಟು ಹಗಲು ಬರಬೇಕು. ನಮ್ಮತ್ತೆ ಎಡವದೆ ನಡೆಯುವಂಥ ಫುಟ್‌ಪಾತು ಬೇಕು. ಇದನ್ನು ಓಟು ಕೇಳಲು ಬಂದ ಯಾರ ಬಳಿಯೂ ಬಾಯಿಬಿಟ್ಟು ಹೇಳಿದವಳಲ್ಲ. ಎಣಿಕೆಯಲ್ಲಿ ನನ್ನ ಓಟಿತ್ತು, ನನ್ನ ಮನಸ್ಸು ಇರಲಿಲ್ಲ. ನನ್ನಂಥವರು ಎಷ್ಟು ಮನೆಯಲ್ಲಿದ್ದಾರೋ! ಅದನ್ನು ಯಾವ ಯಂತ್ರ ಎಣಿಸೀತು?

2023ರ ಚುನಾವಣೆಗೆ ಮುಂಚೆ, ಬಾಗಿಲಿಗೆ ಬಂದವರನ್ನೆಲ್ಲಾ ನಿಲ್ಲಿಸಿ ನೀರಿನ ವಿಷಯ ಕೇಳಿದೆ. ಮೇ 10ರಂದು ದಾರಿಯಲ್ಲಿ ನಮ್ಮವರು ಎಂದಿನಂತೆ ಗುರುತು ಹೇಳಿದರು. "ಹೂಂ" ಎಂದೆ. ಒಳಗೆ ಹೋಗಿ ನನಗೆ ಸರಿಕಂಡ ಗುಂಡಿ ಒತ್ತಿದೆ. ಗಾಜಿನ ಹಿಂದೆ ಚೀಟಿ ಏಳೇ ಸೆಕೆಂಡು ಕಾಣಿಸಿ ಬಿದ್ದುಹೋಯಿತು. ಕೈ ನಡುಗುತ್ತಿತ್ತು. ಹೊರಗೆ ಬಂದಾಗ "ಸರಿಯಾಗಿ ಒತ್ತಿದೆಯಾ?" ಎಂದರು. "ಸರಿಯಾಗೇ ಒತ್ತಿದೆ, ನಡೀರಿ, ಬಿಸಿಲು" ಎಂದೆ.

ನಾನು ಒತ್ತಿದವರು ಸೋತರು. ನೀರು ಈಗಲೂ ನಡುರಾತ್ರಿಯೇ ಬರುತ್ತದೆ. ಆದರೂ ಬಿಂದಿಗೆ ಹಿಡಿದು ಕೂತಾಗ ಒಂದು ಸಮಾಧಾನ: ಈ ಸಲ ಸೋತದ್ದಾದರೂ ನನ್ನದೇ ಮನಸ್ಸು.