ಅಂತರ್ಜಾಲದ ಬರಹ: ಕಾಯಕವೂ ಕಾಸೂ

ಬರಹದಿಂದ ಹೊಟ್ಟೆ ತುಂಬುವುದಿಲ್ಲವೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮಠದಲ್ಲಿ ಓದುತ್ತಿದ್ದ ನಮಗೆ ಆ ಚಿಂತೆ ಇರಲಿಲ್ಲ. ಪ್ರಸಾದ ನಿಲಯದಲ್ಲಿ ಊಟ, ಗುರುಗಳ ಸನ್ನಿಧಿಯಲ್ಲಿ ಪಾಠ. ಲೇಖನ ಅಚ್ಚಾದರೆ ಅಂಚೆಯಲ್ಲಿ ಬರುವ ಗೌರವ ಪ್ರತಿಯೇ ಸಂಭಾವನೆ. ಇಂದಾದರೋ ಬೀದರ, ಭಾಲ್ಕಿ, ಔರಾದಗಳ ಮನೆಗಳಲ್ಲಿ ಕುಳಿತು, ಮೊಬೈಲಿನಲ್ಲಿ ಕನ್ನಡ ಬರೆದು ಹಣ ಪಡೆಯುವವರಿದ್ದಾರೆ. ಅವರ ಏಳುಬೀಳುಗಳನ್ನು ಹತ್ತಿರದಿಂದ ಕಂಡಿರುವುದರಿಂದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇನೆ.

ಈ ಗಡಿನಾಡಿನಲ್ಲಿ ಕನ್ನಡ ಕಲಿಯುವುದೇ ಸಾಹಸವಾಗಿದ್ದ ಕಾಲವಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಹಾಗೆ ಉಳಿದುಬಂದ ಕನ್ನಡವು ಇಂದು ನಾಲ್ಕು ಕಾಸನ್ನೂ ತರುತ್ತಿರುವುದು ಸಂತೋಷದ ವಿಷಯವೇ ಸರಿ.

ಆದರೆ ಆ ದಾರಿ ಸುಗಮವಾಗಿರಲಿಲ್ಲ. 1998ರಲ್ಲಿ 'ಬರಹ' ತಂತ್ರಾಂಶ ಬಂದು ಗಣಕಯಂತ್ರದಲ್ಲಿ ಕನ್ನಡ ಮೂಡಿಸುವುದು ಸುಲಭವಾಯಿತು. ಆದರೂ ಆ ಕಾಲದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಅಂತರ್ಜಾಲದಲ್ಲಿ ಎಲ್ಲರೂ ಸುಲಭವಾಗಿ ಓದಲಾಗುತ್ತಿರಲಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಲ್ಲಿ ಅನೇಕ ಭಾರತೀಯ ಭಾಷೆಗಳೊಡನೆ ಕನ್ನಡಕ್ಕೂ ಸ್ಥಳ ದೊರೆಯಿತು. ಮುಂದೆ ಓದುಗರು ತೆರುವ ಹಣದಲ್ಲಿ ಬರೆದವರಿಗೆ ಪಾಲು ಸಲ್ಲುವ ವ್ಯವಸ್ಥೆಯೂ ಬಂತು. 2016ರಲ್ಲಿ ಅಮೆಜಾನಿನ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ, ಆ ಐದರಲ್ಲಿ ಕನ್ನಡ ಇರಲಿಲ್ಲ. ಆ ಕೊರತೆಯನ್ನು ನೀಗಲು ಕನ್ನಡಿಗರೇ ಮುಂದೆ ಬಂದು ಮೈಲ್ಯಾಂಗ್‌ನಂತಹ ತಾಣಗಳನ್ನು ಕಟ್ಟಿದರು.

ಹಣ ಬರುವ ಬಗೆಗಳು ಮುಖ್ಯವಾಗಿ ಮೂರು. ಸ್ವಂತ ತಾಣದಲ್ಲಿ ಜಾಹೀರಾತು ಹಾಕಿಸಿಕೊಳ್ಳುವುದು ಒಂದು. ಓದುಗರ ಚಂದಾಹಣದಲ್ಲಿ ಪಾಲು ಪಡೆಯುವುದು ಇನ್ನೊಂದು. ಪದಕ್ಕಿಷ್ಟು, ಲೇಖನಕ್ಕಿಷ್ಟು ಎಂದು ಕೂಲಿಗೆ ಬರೆಯುವುದು ಮತ್ತೊಂದು. ಮೊದಲನೆಯದರ ರುಚಿಯನ್ನು ನಾನೂ ಕಂಡೆ. ವಚನ ಪರಿಭಾಷೆಯ ಕುರಿತು ಬರೆದಿಟ್ಟ ಲೇಖನಗಳನ್ನು ಮೊಮ್ಮಗ ಅಂತರ್ಜಾಲಕ್ಕೇರಿಸಿದ. ಗೂಗಲ್ಲಿನ ಜಾಹೀರಾತು ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಚಿತಪಡಿಸಲು ಗುಪ್ತಸಂಖ್ಯೆಯೊಂದು ಅಂಚೆಯಲ್ಲಿ ಬರುತ್ತದೆ. 100 ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ. ಆ ನೂರು ತುಂಬಲು ನನಗೆ ಹದಿನಾಲ್ಕು ತಿಂಗಳು ಹಿಡಿದವು. ಮೂರನೆಯ ಬಗೆಯಲ್ಲಿ, ನನ್ನ ಮೂರು ಲೇಖನಗಳ ಸಂಭಾವನೆ ಬರುವ ಮೊದಲೇ ಪ್ರಕಟಿಸಿದ ತಾಣವೇ ಮುಚ್ಚಿಹೋಯಿತು. ನನಗೆ ನಿವೃತ್ತಿ ವೇತನವಿದೆ, ಸಹಿಸಿದೆ. ಬರಹವನ್ನೇ ನಂಬಿದವರ ಪಾಡೇನು?

ಔರಾದದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಮನೆಗೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಧಾರಾವಾಹಿ ಬರೆಯುವ ಗೃಹಿಣಿ ಆಕೆ. ಒಂದು ತಿಂಗಳು 4,200 ರೂಪಾಯಿ ಬಂತು. ಅದು ಆಕೆಯ ಹೆಸರಿನ ಖಾತೆಗೆ ಬಿದ್ದ ಮೊದಲ ದುಡಿಮೆ. ಮೂರು ತಿಂಗಳ ನಂತರ ಅದು 600ಕ್ಕೆ ಇಳಿಯಿತು. ಕಥೆ ಕೆಟ್ಟಿರಲಿಲ್ಲ, ತಾಣದವರು ಮುಖಪುಟದಲ್ಲಿ ಕಥೆಗಳನ್ನು ತೋರಿಸುವ ಕ್ರಮ ಬದಲಿಸಿದ್ದರು. ಮಳೆ ನಂಬಿದ ತೊಗರಿ ಬೆಳೆಯಂತೆ ಈ ಆದಾಯ.

ಆ ಹೊತ್ತಿಗೆ ಧ್ವನಿಪುಸ್ತಕದ ಸಂಸ್ಥೆಯೊಂದು ಆಕೆಯ ಕಾದಂಬರಿಗೆ 40,000 ರೂಪಾಯಿ ಕೊಡಲು ಮುಂದಾಯಿತು. ಕರಾರಿನಲ್ಲಿ ಸಕಲ ಹಕ್ಕುಗಳೂ ಶಾಶ್ವತವಾಗಿ ಸಂಸ್ಥೆಗೆ ಸೇರತಕ್ಕದ್ದೆಂದಿತ್ತು. "ಗುರುಗಳೇ, ಮಗಳ ಕಾಲೇಜಿನ ಫೀಜು ತುಂಬೋದದ. ಸಹಿ ಮಾಡ್ಲೇನ್ರಿ?" ಎಂದು ಕೇಳಿದಳು.

ನಾನು ಹೇಳಿದ್ದಿಷ್ಟು: "ತಾಯಿ, ಹೊಲ ಪಾಲಿಗೆ ಕೊಡುವುದು ಬೇರೆ, ಖರೀದಿ ಪತ್ರ ಬರೆದುಕೊಡುವುದು ಬೇರೆ." 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕೃತಿಯ ಹಕ್ಕು ಲೇಖಕರ ಜೀವಿತಾವಧಿಯಲ್ಲೂ, ಅವರ ನಂತರ 60 ವರ್ಷಗಳವರೆಗೂ ಇರುತ್ತದೆ, ಎಂದರೆ ಅದು ಮಕ್ಕಳು ಮೊಮ್ಮಕ್ಕಳಿಗೆ ಸೇರುವ ಆಸ್ತಿ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷಗಳೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಕಾಯ್ದೆ ತಿಳಿಯುತ್ತದೆ. ಆದರೆ 'ಶಾಶ್ವತವಾಗಿ' ಎಂದು ಬರೆದಲ್ಲಿ ಸಹಿ ಹಾಕಿದರೆ ಆ ಐದು ವರ್ಷಗಳ ರಕ್ಷಣೆ ಒದಗುವುದಿಲ್ಲ. ಒಂದೇ ಪದದಲ್ಲಿ ಹೊಲ ಹೋಗುತ್ತದೆ.

ಬೀದರದ ವಕೀಲರೊಬ್ಬರಿಂದ ಕರಾರು ಓದಿಸಿ, ಧ್ವನಿರೂಪದ ಹಕ್ಕು ಮಾತ್ರ, ಅದೂ ಐದು ವರ್ಷಗಳಿಗೆ ಎಂದು ಆಕೆ ಮರಳಿ ಬರೆದಳು. ಇಪ್ಪತ್ತು ದಿನ ಉತ್ತರವಿಲ್ಲ. ಫೀಜಿನ ಕೊನೆಯ ದಿನ ಹತ್ತಿರವಾಗುತ್ತಿತ್ತು. ಆಕೆಗೂ ನನಗೂ ನಿದ್ದೆಯಿಲ್ಲ. ಕೊನೆಗೆ 28,000 ರೂಪಾಯಿಗೆ ಸಂಸ್ಥೆ ಒಪ್ಪಿತು. ಉಳಿದ ಹಣಕ್ಕೆ ಆಕೆ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದಳು. ಸಾಲ ತೀರುತ್ತಿದೆ, ಕಾದಂಬರಿ ಆಕೆಯದಾಗಿಯೇ ಇದೆ.

ಕೂಲಿಗೆ ಬರೆಯುವವರ ಸ್ಥಿತಿ ಇನ್ನೂ ಕಠಿಣವಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಜಾಹೀರಾತುಗಳನ್ನು ಕನ್ನಡಕ್ಕೆ ತರುತ್ತಿದ್ದ ಭಾಲ್ಕಿಯ ತರುಣನೊಬ್ಬನಿಗೆ ಅನುವಾದದ ಬದಲು ಯಂತ್ರ ಮಾಡಿದ ಅನುವಾದವನ್ನು ತಿದ್ದುವ ಕೆಲಸ ಬರುತ್ತಿದೆ, ಕಡಿಮೆ ದರಕ್ಕೆ. ಆದರೆ ನಮ್ಮ ಬೀದರ ಸೀಮೆಯ ನುಡಿ, ಜಾತ್ರೆ, ಹೊಲಮನೆಯ ಬದುಕು ಯಂತ್ರಕ್ಕೆ ಸುಲಭವಾಗಿ ದಕ್ಕುವಂಥದಲ್ಲ. ಬರೆಯುವವರು ತಮ್ಮ ನೆಲದ ಅನುಭವವನ್ನೇ ಬಂಡವಾಳವಾಗಿಸಿಕೊಳ್ಳುವುದು ಲೇಸು.

ಬರಹಕ್ಕೆ ಹಣ ಕೇಳುವುದು ಹಗುರವೆಂದು ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಶರಣರು ಕಾಯಕವನ್ನು ಪುಕ್ಕಟೆ ದುಡಿತವೆಂದು ತಿಳಿದಿರಲಿಲ್ಲ. ನ್ಯಾಯವಾದ ಪ್ರತಿಫಲ ಬಂದರೆ ತಾನೇ ದಾಸೋಹ? ಆಯ್ದಕ್ಕಿ ಲಕ್ಕಮ್ಮ ಪತಿ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸೆಂದಳು. ಸಲ್ಲಬೇಕಾದುದನ್ನು ಬಿಟ್ಟುಬಾ ಎನ್ನಲಿಲ್ಲ.

ಆದುದರಿಂದ, ಮನೆಯಲ್ಲಿ ಬರೆಯುವ ಮಗಳೋ ಸೊಸೆಯೋ ಇದ್ದರೆ, 'ಮೊಬೈಲ್ ಹಿಡಿದು ಕೂತಿದ್ದಾಳೆ' ಎನ್ನುವ ಮುನ್ನ ಏನು ಬರೆಯುತ್ತಿದ್ದಾಳೆಂದು ಕೇಳಿ. ಬಂದ ಹಣದ ಲೆಕ್ಕವಿಡಲು ನೆರವಾಗಿ. ಮೂಲದಲ್ಲೇ ತೆರಿಗೆ ಕಡಿತವಾಗಿದ್ದರೆ, ಆದಾಯ ಮಿತಿಯೊಳಗಿದ್ದವರು ಲೆಕ್ಕಪತ್ರ ಸಲ್ಲಿಸಿ ಮರಳಿ ಪಡೆಯಬಹುದು. ಬರೆದುದರ ಪ್ರತಿಯೊಂದನ್ನು ಮನೆಯಲ್ಲಿ ಕಾದಿಡಿ. ತಾಣ ಮುಚ್ಚಿದರೂ ಬರಹ ಉಳಿಯಲಿ. ಒಂದು ವರ್ಷ ಬೆಳೆ ಹೋದರೆ ಮುಂದಿನ ವರ್ಷ ಬಂದೀತು. ಹೊಲವನ್ನು ಮಾತ್ರ ಕೈಬಿಡಬಾರದು.