ಸೋಪಿನ ಲಿಂಕ್ ಯಾಕೆ ಕೊಡ್ತಿಲ್ಲ ಅಂದ್ರೆ

(1/7)
ಬಿದಿರಿನ ತಟ್ಟಿ ಮೇಲೆ ಒಣಗ್ತಿರೋ ಸೋಪಿನ ಫೋಟೋ ಹಾಕಿದ್ನಲ್ಲ, ಅದಕ್ಕೆ ಬಂದ ಮೆಸೇಜೆಲ್ಲ ಹೆಚ್ಚುಕಮ್ಮಿ ಒಂದೇ: "ಎಲ್ಲಿ ಸಿಗುತ್ತೆ? ರೇಟೆಷ್ಟು? ಲಿಂಕ್ ಕೊಡಿ." ನಮ್ಮ ಕ್ಲಾಸಿನವರಂತೂ ಕಾರಿಡಾರಲ್ಲೇ ಹಿಡಿದು ಆರ್ಡರ್ ಕೊಟ್ರು.

ಲಿಂಕ್ ಕೊಡಲ್ಲ. ಸದ್ಯಕ್ಕಂತೂ ಇಲ್ಲ. ಒಂದೇ ಸಾಲಲ್ಲಿ ಹೀಗಂದ್ರೆ "ಜಂಬ ನೋಡು" ಅಂತೀರಿ. ಅದಕ್ಕೇ ಏಳು ಭಾಗ ಮಾಡಿ ಬರೀತಿದೀನಿ. ಸೇವ್ ಮಾಡ್ಕೊಳ್ಳಿ. ಜಾತ್ರೆಯಲ್ಲೋ, ಜೋಗದ ರಸ್ತೆಯ ಅಂಗಡಿಯಲ್ಲೋ, ಆನ್‌ಲೈನಲ್ಲೋ "ಹ್ಯಾಂಡ್‌ಮೇಡ್ ನ್ಯಾಚುರಲ್" ಅನ್ನೋ ಡಬ್ಬಿ ಕೈಗೆ ಬಂದಾಗ ಉಪಯೋಗಕ್ಕೆ ಬರುತ್ತೆ.

ಆ ಸೋಪು ಮಾಡೋದು ನಮ್ಮ ಚಿಕ್ಕಿ, ಅಮ್ಮನ ತಂಗಿ. ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿರ್ತಾಳೆ. ಮನೆಗೆ, ನೆಂಟರಿಗೆ ಅಂತ ಶುರು ಮಾಡಿದ್ದು. ಈಗ ಅದನ್ನೇ ಕಸುಬು ಮಾಡ್ಕೊಳ್ಳೋದಾ, ಇಲ್ಲ ಬಿಟ್ಟೇಬಿಡೋದಾ ಅಂತ ಯೋಚನೆ ಮಾಡ್ತಿದಾಳೆ. ನಿಮ್ಮ ಮೆಸೇಜೆಲ್ಲ ಓದಿ ಹೇಳಿದೆ. ಖುಷಿಪಟ್ಟಳು. ಆಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲ ಪುಟ್ಟಿ, ಗುರ್ತಿಲ್ಲದವರ ಮೈಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಈ ಪ್ರಶ್ನೆ ಮಾರುವವರು ಎಷ್ಟು ಜನ ಕೇಳ್ಕೋತಾರೆ ಹೇಳಿ. ಕೊಳ್ಳೋರು ನಾವಾದ್ರೂ ಕೇಳ್ಕೋಬೇಕಲ್ವಾ?

(2/7)
ಮೊದಲು ನಮ್ಮ ಬಚ್ಚಲುಮನೆಯಿಂದಲೇ ಶುರು ಮಾಡೋಣ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ "ನ್ಯಾಚುರಲ್ ಸ್ಕಿನ್ ಕೇರ್" ಅಂದ್ರೆ ಹೊಸದೇನಲ್ಲ, ಹೆಸರು ಮಾತ್ರ ಹೊಸದು. ದೀಪಾವಳಿಗೆ ಎಣ್ಣೆ ಹಚ್ಕೊಂಡು ಹಂಡೆ ನೀರು ಹುಯ್ಕೊಂಡ ಮೇಲೆ ಜಿಡ್ಡು ತೆಗೆಯೋಕೆ ಸೀಗೆಪುಡಿ, ಕಡ್ಲೆಹಿಟ್ಟು. ತಲೆಗೆ ದಾಸವಾಳ ಸೊಪ್ಪು ಕಿವುಚಿದ ಗೊಂಪು. ಒಡವೆ, ರೇಷ್ಮೆ ಸೀರೆ ತೊಳೆಯೋಕೆ ಅಂಟುವಾಳ ಕಾಯಿ. ಸೀಗೆಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಅನ್ನೋ ಅಂಶ ಇದೆ. ನೊರೆ ಬರೋದು ಅದರಿಂದ.

ಮುರುಗಲ ತುಪ್ಪ ಗೊತ್ತಲ್ವಾ? ಮಳೆಗಾಲಕ್ಕೆ ಮುಂಚೆ ಹಣ್ಣಾಗುತ್ತೆ ಮುರುಗಲು. ಸಿಪ್ಪೆ ಪಾನಕಕ್ಕೆ, ಸಾರಿಗೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದ್ರೆ ಜಿಡ್ಡು ಮೇಲೆ ತೇಲುತ್ತೆ. ಅದನ್ನ ತೆಗೆದಿಟ್ರೆ ಆರಿ ಗಟ್ಟಿ ಆಗುತ್ತೆ. ಹಿಮ್ಮಡಿ ಒಡೆದ್ರೆ, ತುಟಿ ಬಿರಿದ್ರೆ ಅಜ್ಜಿಯಂದಿರು ಸ್ವಲ್ಪ ಬಿಸಿ ಮಾಡಿ ಸವರ್ತಿದ್ರಲ್ಲ, ಅದೇ.

ದೊಡ್ಡ ಬ್ರಾಂಡಿನ ಲಿಪ್ ಬಾಮ್, ಬಾಡಿ ಬಟರ್ ಹಿಂದೆ "ಗಾರ್ಸಿನಿಯಾ ಇಂಡಿಕಾ ಸೀಡ್ ಬಟರ್" ಅಂತ ಬರೆದಿರೋದು ನೋಡಿದೀರಾ? ಅದೇ ನಮ್ಮ ಮುರುಗಲ ತುಪ್ಪ. ಕೋಕಂ ಬಟರ್ ಅಂತಲೂ ಕರೀತಾರೆ. ನಮ್ಮ ಕಾಡಲ್ಲಿ ಬೆಳೆಯೋದನ್ನ ಹೊರಗಿನವರು ಚಂದದ ಡಬ್ಬಿಯಲ್ಲಿ ತುಂಬಿ ನಮಗೇ ಮಾರ್ತಾರೆ. ಬೀಜ ಆರಿಸಿದ ಹೆಂಗಸಿಗೆ ಅದರಲ್ಲಿ ಎಷ್ಟು ಸಿಗುತ್ತೆ ಅಂತ ಡಬ್ಬಿ ಮೇಲೆ ಬರೆದಿರಲ್ಲ.

(3/7)
"ಕೆಮಿಕಲ್ ಫ್ರೀ ಸೋಪ್." ಅಂಥ ಸೋಪೇ ಇಲ್ಲ ಕಣ್ರೋ.

ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಸೇರಿಸಿದ್ರೆ ಮಾತ್ರ ಗಟ್ಟಿ ಸೋಪು ಆಗುತ್ತೆ. ಪಿಯುಸಿ ಸೈನ್ಸ್ ಮಾಡಿದವರಿಗೆ ಸಪೋನಿಫಿಕೇಶನ್ ನೆನಪಿರಬೇಕು: ಎಣ್ಣೆ ಮತ್ತು ಸೋಡಾ ಸೇರಿ ಸೋಪು ಮತ್ತು ಗ್ಲಿಸರಿನ್. ಅಳತೆ ಸರಿ ಇದ್ರೆ ಕೊನೆಗೆ ಸೋಡಾ ಉಳಿಯಲ್ಲ, ಎಲ್ಲ ಸೋಪಾಗಿ ಬದಲಾಗಿರುತ್ತೆ. ಅಳತೆ ತಪ್ಪಿದ್ರೆ ಉಳಿದ ಸೋಡಾ ಚರ್ಮ ಸುಡುತ್ತೆ. ಒಂದೊಂದು ಎಣ್ಣೆಗೂ ಒಂದೊಂದು ಅಳತೆ. ತೆಂಗಿನೆಣ್ಣೆಯ ಲೆಕ್ಕ ಮುರುಗಲ ತುಪ್ಪಕ್ಕೆ ಬರಲ್ಲ. ಅದಕ್ಕೇ ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ಮನೇಲಿ ಮಾಡೋಕೆ ಹೋಗಬೇಡಿ.

ಚಿಕ್ಕಿ ಮಾಡೋದು ಕೋಲ್ಡ್ ಪ್ರೊಸೆಸ್. ಅಚ್ಚಿಗೆ ಹುಯ್ದು, ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿಸಬೇಕು. ನೀರಿನ ಅಂಶ ಹೋಗಿ ಸೋಪು ಗಟ್ಟಿ ಆಗುತ್ತೆ, ಬೇಗ ಸವೆಯಲ್ಲ. ನಮ್ಮೂರ ಮಳೆಗಾಲದಲ್ಲಿ ಈ ಕೆಲಸ ಸಾಗಲ್ಲ. ಸೋಪಿನೊಳಗಿರೋ ಗ್ಲಿಸರಿನ್ ಗಾಳಿಯ ತೇವ ಎಳ್ಕೊಳುತ್ತೆ, ಸೋಪು ಬೆವರುತ್ತೆ. ಹಾಗಾಗಿ ಅವಳು ದೀಪಾವಳಿಯಿಂದ ಯುಗಾದಿವರೆಗೆ ಮಾತ್ರ ಮಾಡೋದು. ಮಲೆನಾಡಿನಲ್ಲಿ ಆಷಾಢದಲ್ಲಿ ಯಾರಾದ್ರೂ "ನಿನ್ನೆ ಮಾಡಿದ ತಾಜಾ ಸೋಪು" ಅಂತ ಮಾರಿದ್ರೆ ಎರಡು ಸಲ ಯೋಚಿಸಿ. ತಾಜಾ ಅನ್ನೋದು ರೊಟ್ಟಿಗೆ ಒಳ್ಳೇದು, ಸೋಪಿಗಲ್ಲ.

ಇನ್ನೊಂದು ಬಗೆ ಇದೆ: ಮೆಲ್ಟ್ ಅಂಡ್ ಪೋರ್. ರೆಡಿ ಸೋಪ್ ಬೇಸ್ ತಂದು, ಕರಗಿಸಿ, ಬಣ್ಣ, ವಾಸನೆ ಹಾಕಿ ಅಚ್ಚಿಗೆ ಹುಯ್ಯೋದು. ಗಾಜಿನ ಹಾಗೆ ಆಚೆ ಬದಿ ಕಾಣೋ ಸೋಪು ಸಾಮಾನ್ಯವಾಗಿ ಇದೇ. ಅದೇನು ಮೋಸ ಅಲ್ಲ, ಚೆನ್ನಾಗೂ ಇರಬಹುದು. ಆದ್ರೆ ಅದಕ್ಕೆ "ಅಜ್ಜಿಯ ಕಾಲದ ವಿಧಾನ" ಅಂತ ಹೆಸರಿಟ್ಟು ದುಪ್ಪಟ್ಟು ರೇಟು ಹಾಕಿದ್ರೆ ಕೇಳೋ ಹಕ್ಕು ನಿಮಗಿದೆ.

(4/7)
ಡಬ್ಬಿ ತಿರುಗಿಸಿ. ಮುಂದೆ ಎಲೆ, ಹೂವಿನ ಚಿತ್ರ ಇರುತ್ತೆ. ವಿಷಯ ಇರೋದು ಹಿಂದೆ.

ಇಷ್ಟು ನೋಡಿ: ಮಾಡಿದವರ ಹೆಸರು, ಪೂರ್ತಿ ವಿಳಾಸ. ತಯಾರಿಕೆ ಲೈಸೆನ್ಸ್ ನಂಬರು. ಬ್ಯಾಚ್ ನಂಬರು. ಯಾವ ತಿಂಗಳು ಮಾಡಿದ್ದು, ಎಷ್ಟರೊಳಗೆ ಬಳಸಬೇಕು. ತೂಕ, ಎಂಆರ್‌ಪಿ, ದೂರು ಹೇಳೋಕೆ ಫೋನ್ ನಂಬರು. ಆಮೇಲೆ ಪದಾರ್ಥಗಳ ಪಟ್ಟಿ. ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತೆ. ಮುಂದೆ ದೊಡ್ಡದಾಗಿ "ಕೇಸರಿ ಸೋಪು" ಅಂತಿದ್ದು ಹಿಂದೆ ಕೇಸರಿ ಕಟ್ಟಕಡೆಗೆ ಇದ್ರೆ, ನೀವು ದುಡ್ಡು ಕೊಡ್ತಿರೋದು ಚಿತ್ರಕ್ಕೆ.

"ಸೋಡಿಯಂ ಕೊಕೊಯೇಟ್" ನೋಡಿ ಹೆದರಬೇಡಿ, ಅದು ಸೋಪಾದ ತೆಂಗಿನೆಣ್ಣೆ. "ಸೋಡಿಯಂ ಪಾಮೇಟ್" ಅಂದ್ರೆ ಸೋಪಾದ ತಾಳೆ ಎಣ್ಣೆ.

ಗಂಧದ ವಿಷಯ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ಕೆತ್ತಿದವರು. ಬೆಂಗಳೂರಿನ ಸರ್ಕಾರಿ ಸೋಪು ಕಾರ್ಖಾನೆ ಶುರುವಾಗಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಆಯ್ತು. ಅಸಲಿ ಗಂಧದೆಣ್ಣೆಗೆ ಕಿಲೋಗೆ ಲಕ್ಷದ ಲೆಕ್ಕದಲ್ಲಿ ಬೆಲೆ. ಈಗ ನೀವೇ ಹೇಳಿ, ಮೇಳದಲ್ಲಿ ಐವತ್ತು ರೂಪಾಯಿಗೆ ಸಿಗೋ "ಪ್ಯೂರ್ ಸ್ಯಾಂಡಲ್" ಸೋಪಲ್ಲಿ ಅದು ಎಷ್ಟಿರಬಹುದು?

ಇನ್ನೊಂದು ಮಾತು. ನ್ಯಾಚುರಲ್ ಅಂದ ಮಾತ್ರಕ್ಕೆ ಎಲ್ಲರ ಮೈಗೂ ಆಗಿಬರುತ್ತೆ ಅಂತಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ನ್ಯಾಚುರಲ್ಲೇ, ತಾಗಿದ್ರೆ ಏನಾಗುತ್ತೆ ಗೊತ್ತಲ್ಲ! ಹೊಸದು ಏನೇ ತಂದ್ರೂ ಮೊಳಕೈ ಒಳಗಡೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಕೆಂಪಾದ್ರೆ, ತುರಿಸಿದ್ರೆ ಮುಖಕ್ಕೆ ಬೇಡ. ನಿಂಬೆ ರಸ, ನಿಂಬೆ ಎಣ್ಣೆ ಹಚ್ಕೊಂಡು ಬಿಸಿಲಿಗಂತೂ ಹೋಗಲೇಬೇಡಿ, ಚರ್ಮ ಸುಟ್ಟು ಕಪ್ಪಾಗುತ್ತೆ.

(5/7)
ಈಗ ನಮ್ಮ ಬಿಕಾಂ. ಕಾಸ್ಟ್ ಶೀಟ್ ಯಾವುದಕ್ಕೆ ಅಂತ ಕೇಳ್ತಿದ್ರಲ್ಲ, ಇದಕ್ಕೆ.

ಲೆಕ್ಕ ಸುಲಭ ಆಗ್ಲಿ ಅಂತ ರೇಟು ರೌಂಡ್ ಮಾಡಿದೀನಿ. ತೆಂಗಿನೆಣ್ಣೆ 1 ಕಿಲೋ, ₹400. ಸೋಡಾ, ಅರಿಶಿನ ಇತ್ಯಾದಿ ₹20. ಒಣಗಿದ ಮೇಲೆ 100 ಗ್ರಾಂನ 13 ಸೋಪು ಸಿಗುತ್ತೆ ಅಂದ್ಕೊಳ್ಳಿ. ಕಾಗದ, ಚೀಟಿ ಸೋಪಿಗೆ ₹3, ಒಟ್ಟು ₹39. ಎಲ್ಲ ಸೇರಿ ₹459. ಅಂದ್ರೆ ಸೋಪಿಗೆ ಸುಮಾರು ₹35.

₹80ಕ್ಕೆ ಮಾರಿದ್ರೆ ಅಬ್ಬಾ ಎಷ್ಟು ಲಾಭ ಅನ್ಸುತ್ತೆ ಅಲ್ವಾ? ಅಂಗಡಿಯವರು 30% ಹಿಡ್ಕೊಂಡ್ರೆ ಮಾಡಿದವಳಿಗೆ ₹56. ಹದಿಮೂರಕ್ಕೆ ₹728. ಖರ್ಚು ಕಳೆದ್ರೆ ₹269. ಎಣ್ಣೆ ತೂಗೋದು, ಕಲಸೋದು, ಕತ್ತರಿಸೋದು, ತಿರುವಿ ಹಾಕೋದು, ಕಟ್ಟೋದು ಎಲ್ಲ ಸೇರಿ ಐದು ಗಂಟೆ ಅಂದ್ರೆ ಗಂಟೆಗೆ ₹54 ಬಂತು. ಅದೂ ಯಾವಾಗ? ಒಣಗೋಕೆ ಆರು ವಾರ, ಆಮೇಲೆ "ಮಾರಾಟ ಆದ್ಮೇಲೆ ಕೊಡ್ತೀನಿ" ಅನ್ನೋ ಅಂಗಡಿಯ ಕೈಲಿ ಇನ್ನೊಂದಷ್ಟು ದಿನ. ವರ್ಕಿಂಗ್ ಕ್ಯಾಪಿಟಲ್ ಚಾಪ್ಟರ್ ಓದಿ ತಲೆಗೆ ಹೋಗದವರು ಒಂದು ಸಲ ಚಿಕ್ಕಿಯ ಅಟ್ಟ ನೋಡಿ. ದುಡ್ಡು ಸಾಲಾಗಿ ಒಣಗ್ತಿರುತ್ತೆ.

ಅದೇ ನೀವು ನೇರ ಅವಳ ಕೈಯಿಂದ ₹80ಕ್ಕೆ ತಗೊಂಡ್ರೆ ₹1,040. ಖರ್ಚು ಕಳೆದು ₹581. ಗಂಟೆಗೆ ₹116. ಸೋಪು ಅದೇ, ರೇಟು ಅದೇ. ಯಾರ ಕೈಯಿಂದ ತಗೊಂಡ್ರಿ ಅನ್ನೋದಷ್ಟೇ ಬೇರೆ.

ಈ ಲೆಕ್ಕ ತೋರಿಸಿದಾಗ ಚಿಕ್ಕಿ ಅಂದಿದ್ದು: "ನನ್ನ ಕೆಲಸಕ್ಕೂ ದುಡ್ಡು ಹಾಕ್ತಾರಾ? ನಾ ಅದನ್ನ ಲೆಕ್ಕಕ್ಕೇ ಹಿಡ್ದಿರ್ಲಿಲ್ಲ." ಮನೇಲಿ ಕೂತು ಮಾಡೋ ಹೆಂಗಸರ ಕೆಲಸಕ್ಕೆ ಬೆಲೆ ಕಟ್ಟೋರಿಲ್ಲ, ಎಷ್ಟೋ ಸಲ ಅವರೇ ಕಟ್ಟಿಕೊಳ್ಳಲ್ಲ. ಅದಕ್ಕೇ "ಆಂಟಿ, ನಲವತ್ತಕ್ಕೆ ಕೊಡಿ" ಅಂತ ಚೌಕಾಸಿ ಮಾಡೋ ಮುಂಚೆ ಈ ಲೆಕ್ಕ ನೆನಪಿಸ್ಕೊಳ್ಳಿ.

(6/7)
ಹಾಗಾದ್ರೆ ನೇರ ಕೊಡಿಸೋಕೆ ಏನು ಕಷ್ಟ?

ಮಾರಾಟಕ್ಕೆ ಸೋಪು ಮಾಡೋದು ಉಪ್ಪಿನಕಾಯಿ ಹಾಕಿದ ಹಾಗಲ್ಲ. ಕಾನೂನಿನ ಪ್ರಕಾರ ಸೋಪು ಕಾಸ್ಮೆಟಿಕ್. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮ ಅನ್ವಯ ಆಗುತ್ತೆ. ತಯಾರಿಕೆಗೆ ಲೈಸೆನ್ಸ್ ಬೇಕು. ಚಿಕ್ಕಿ ಹತ್ರ ಅದಿಲ್ಲ. ಅಟ್ಟದ ಮೇಲೆ ಒಬ್ಬಳೇ ಮಾಡೋಳಿಗೆ ಪ್ರತ್ಯೇಕ ಜಾಗ, ಪರೀಕ್ಷೆ, ಕಾಗದಪತ್ರ ಅಂದ್ರೆ ಸಣ್ಣ ಮಾತಲ್ಲ. ಆದ್ರೆ ಈ ನಿಯಮ ಇರೋದು ಅವಳು ಕೇಳಿದ ಪ್ರಶ್ನೆಗೇ ಉತ್ತರವಾಗಿ: ಏನಾದ್ರೂ ಆದ್ರೆ ಯಾರು ಜವಾಬ್ದಾರಿ.

ತೆರಿಗೆಯದ್ದು ಇನ್ನೊಂದು ಕಥೆ. ಸರಕು ಮಾರೋರ ವಹಿವಾಟು ವರ್ಷಕ್ಕೆ ₹40 ಲಕ್ಷದೊಳಗಿದ್ರೆ ಕರ್ನಾಟಕದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಕೇಳೋಕೆ ಚೆಂದ. ಆದ್ರೆ ಸೋಡಾ, ಪ್ಯಾಕಿಂಗ್ ಕೊಳ್ಳುವಾಗ ಕೊಟ್ಟ ತೆರಿಗೆ ವಾಪಸ್ ಸಿಗಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲ. ದೊಡ್ಡ ಕಂಪನಿಗೆ ಸಿಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಮೈಸೋಪಿನ ಜಿಎಸ್‌ಟಿ 18%ರಿಂದ 5%ಗೆ ಇಳೀತು. ಅಂಗಡಿಯ ಮೆಷಿನ್ ಸೋಪು ಅಗ್ಗ ಆಯ್ತು. ಚಿಕ್ಕಿ ಮೊದಲೂ ತೆರಿಗೆ ಹಾಕ್ತಿರಲಿಲ್ಲ, ಇಳಿಸೋಕೆ ಅವಳ ಹತ್ರ ಏನೂ ಇಲ್ಲ.

ಈ ಮಾತು ನಮ್ಮೂರಿನಿಂದಲೇ ಹಿಂದೆ ದಿಲ್ಲಿವರೆಗೂ ಹೋಗಿತ್ತು. ಹೆಗ್ಗೋಡಿನ ಹತ್ರ ಭೀಮನಕೋಣೆಯ ಚರಕ ಸಂಸ್ಥೆ ನಿಮಗೆ ಗೊತ್ತು, ಅಲ್ಲಿನ ಕೈಮಗ್ಗದ ಜುಬ್ಬಾ ನಿಮ್ಮಲ್ಲೂ ಎಷ್ಟೋ ಜನ ಹಾಕ್ಕೊಂಡಿದೀರಿ. ಅಡಿಕೆ ಚೊಗರಿನಿಂದಲೂ ಬಟ್ಟೆಗೆ ಬಣ್ಣ ಕಟ್ಟೋ ಜಾಗ ಅದು. ಅದನ್ನ ಕಟ್ಟಿದ ರಂಗಕರ್ಮಿ ಪ್ರಸನ್ನ 2017ರಲ್ಲಿ, ಜಿಎಸ್‌ಟಿ ಬಂದ ವರ್ಷವೇ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ ಉಪವಾಸ ಕೂತರು. ಆಗ ನಾವಿನ್ನೂ ಸ್ಕೂಲಲ್ಲಿದ್ವಿ. ಈಗ ಟ್ಯಾಕ್ಸ್ ಪಾಠ ಓದುವಾಗ ಅದರ ಅರ್ಥ ಆಗ್ತಿದೆ: ಮೆಷಿನ್ನಿಗೂ ಕೈಗೂ ಒಂದೇ ರೇಟು ಹಾಕಿದ್ರೆ ಕಾಗದದ ಮೇಲೆ ಸಮ ಕಾಣುತ್ತೆ, ಸಂತೆಯಲ್ಲಿ ಸಮ ಇರಲ್ಲ.

(7/7)
ಚರಕದಿಂದ ಕಲಿಯೋದು ಇನ್ನೊಂದಿದೆ. ಅಲ್ಲಿ ಒಬ್ಬೊಬ್ಬರೇ ಹೆಂಗಸರು ಒದ್ದಾಡಲಿಲ್ಲ, ಸಹಕಾರ ಸಂಘ ಮಾಡ್ಕೊಂಡರು. ಒಬ್ಬಳಿಗೆ ಭಾರ ಆಗೋ ಲೈಸೆನ್ಸು, ಕೋಣೆ, ತಕ್ಕಡಿ ಹತ್ತು ಜನಕ್ಕೆ ಹಂಚಿದ್ರೆ ಹಗುರ.

ಚಿಕ್ಕಿಯ ಸ್ವಸಹಾಯ ಸಂಘದಲ್ಲಿ ಈಗ ಇದೇ ಮಾತು ನಡೀತಿದೆ. ಪಿಎಂಇಜಿಪಿ ಅಂತ ಯೋಜನೆ ಇದೆ, ಖಾದಿ ಗ್ರಾಮೋದ್ಯೋಗದ ಮೂಲಕ. ಹಳ್ಳಿಯ ಮಹಿಳೆಯರಿಗೆ ಯೋಜನಾ ವೆಚ್ಚದ 35% ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5%, ಉಳಿದದ್ದು ಬ್ಯಾಂಕ್ ಸಾಲ. ಪ್ರಾಜೆಕ್ಟ್ ರಿಪೋರ್ಟ್ ನಾನು ಬರೀತಿದೀನಿ. ಸಂಘದ ಕೆಲವರು ಸಾಲ ಅಂದ್ರೆ ಹಿಂದೇಟು ಹಾಕ್ತಿದಾರೆ, ಅವರ ಭಯವೂ ಸುಳ್ಳಲ್ಲ. ಆಗುತ್ತೋ ಇಲ್ಲವೋ ಮುಂದಿನ ದೀಪಾವಳಿ ಹೊತ್ತಿಗೆ ಗೊತ್ತಾಗುತ್ತೆ.

ಅಲ್ಲಿವರೆಗೆ ನೀವೇನು ಮಾಡಬಹುದು?

ಸೀಗೆಕಾಯಿ, ಅಂಟುವಾಳ, ಮುರುಗಲ ತುಪ್ಪ ನಿಮ್ಮೂರಲ್ಲೇ ಯಾರೋ ಮಾಡ್ತಿರ್ತಾರೆ, ಹುಡುಕಿ. ಹೇಗೆ ಮಾಡ್ತೀರಿ ಅಂತ ಕೇಳಿ. ಸರಿಯಾಗಿ ಮಾಡೋರು ಖುಷಿಯಿಂದ ಹೇಳ್ತಾರೆ. ಸೋಪು ತಗೊಂಡ್ರೆ ಡಬ್ಬಿ ತಿರುಗಿಸಿ ಓದಿ. ಎಷ್ಟು ವಾರ ಒಣಗಿಸಿದ್ದು ಅಂತ ಕೇಳಿ. ಆದಷ್ಟು ಮಾಡಿದವರ ಕೈಯಿಂದಲೇ ತಗೊಳ್ಳಿ, ದುಡ್ಡು ಅವತ್ತೇ ಕೊಡಿ.

ಮತ್ತೆ ನಮ್ಮ ಕ್ಲಾಸಿನವರಿಗೆ: ಲೇಬಲ್ ಡಿಸೈನ್ ಬರೋರು, ಅಕೌಂಟ್ಸ್ ಬರೆದುಕೊಡೋರು ಇದ್ರೆ ಮೆಸೇಜ್ ಮಾಡಿ. ಸಂಬಳ ಇಲ್ಲ, ಊಟ ಇದೆ. ಆರ್ಡರ್ ಮಾತ್ರ ಈಗ ಬೇಡ.

#ಮುರುಗಲತುಪ್ಪ #ಸೀಗೆಕಾಯಿ #ಕೈಯಿಂದಮಾಡಿದ್ದು #ಮಲೆನಾಡು #ಬಿಕಾಂಲೆಕ್ಕ