ಋಣ ಕೇಳುವ ನಾಯಕ: ‘ರೀ:ಝೀರೋ’ ನೋಡಿದ ಮೇಲೆ

ಜಪಾನಿನ ಅನಿಮೆಗಳಲ್ಲಿ ‘ಇಸೆಕಾಯ್’ ಎಂಬುದೊಂದು ಪ್ರಕಾರ. ನಮ್ಮ ಲೋಕದ ಸಾಧಾರಣ ಹುಡುಗನೊಬ್ಬ ಮಾಯಾಲೋಕಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಅವನಿಗೆ ಅಪಾರ ಶಕ್ತಿ, ಕೀರ್ತಿ, ಸುತ್ತಲೂ ಮೆಚ್ಚುವ ಸುಂದರಿಯರು. ಇಲ್ಲಿ ದಕ್ಕದಿದ್ದುದೆಲ್ಲ ಅಲ್ಲಿ ಬಿಟ್ಟಿಯಾಗಿ ದಕ್ಕುವ ಹಗಲುಗನಸು ಅದು. ಹದಿಹರೆಯದ ಮಗನ ಒತ್ತಾಯಕ್ಕೆ ನಾನು ನೋಡಿದ ‘ರೀ:ಝೀರೋ’ ಕೂಡ ಇದೇ ಪ್ರಕಾರಕ್ಕೆ ಸೇರಿದ್ದು. ತಪ್ಪೇ ನಾಗತ್ಸುಕಿ ಅವರು 2012ರಿಂದ ಅಂತರ್ಜಾಲದಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ವೈಟ್ ಫಾಕ್ಸ್ ಸ್ಟುಡಿಯೋ 2016ರಲ್ಲಿ 25 ಕಂತುಗಳ ಸರಣಿಯಾಗಿಸಿತು. ನಿರ್ದೇಶಕರು ಮಸಹರು ವತನಬೆ. ಇನ್ನೂ ನೋಡದವರಿಗೆ ಒಂದು ಸೂಚನೆ: ಕಥೆಯ ತಿರುವುಗಳನ್ನು ಮುಂದೆ ಬಚ್ಚಿಟ್ಟಿಲ್ಲ.

ನಾಯಕ ನತ್ಸುಕಿ ಸುಬಾರು ಶಾಲೆಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಕುಳಿತ ಹುಡುಗ. ಒಂದು ರಾತ್ರಿ ಅಂಗಡಿಯಿಂದ ತಿಂಡಿಯ ಚೀಲ ಹಿಡಿದು ಹೊರಬಂದವನು ಕಣ್ಣು ಮಿಟುಕಿಸುವಷ್ಟರಲ್ಲಿ ಲುಗುನಿಕಾ ಎಂಬ ರಾಜ್ಯದ ಪೇಟೆಯಲ್ಲಿರುತ್ತಾನೆ. ಖಡ್ಗವಿದ್ಯೆ ಬಾರದು, ಮಂತ್ರವಿದ್ಯೆ ಹೆಸರಿಗಷ್ಟೇ. ದೊರೆತದ್ದು ಒಂದೇ ಶಕ್ತಿ: ಅವನು ಸತ್ತರೆ ಕಾಲ ಹಿಂದಕ್ಕೆ ಸರಿಯುತ್ತದೆ, ಮೊದಲಿನ ಒಂದು ಗಳಿಗೆಯಲ್ಲಿ ಅವನು ಮತ್ತೆ ಎಚ್ಚರಗೊಳ್ಳುತ್ತಾನೆ. ಸತ್ತ ನೋವು, ಕಂಡ ಹೆಣಗಳು, ಆಡಿದ ಮಾತುಗಳು ಅವನೊಬ್ಬನಿಗೇ ನೆನಪು. ಇದನ್ನು ಯಾರಿಗಾದರೂ ಹೇಳಹೊರಟರೆ ಕಪ್ಪು ಕೈಯೊಂದು ಎದೆಯೊಳಗೆ ನುಗ್ಗಿ ಹೃದಯವನ್ನು ಹಿಂಡುತ್ತದೆ.

ಈ ಒಂಟಿ ನೆನಪು ಮನುಷ್ಯನನ್ನು ಹೇಗೆ ಕೆಡಿಸಬಲ್ಲದು ಎಂಬುದನ್ನು ಅಂಜದೆ ತೋರಿಸಿದ್ದೇ ಸರಣಿಯ ದೊಡ್ಡ ಬಲ. 13ನೆಯ ಕಂತನ್ನು ನೋಡಬೇಕು. ಎಮಿಲಿಯಾ ಸಿಂಹಾಸನಕ್ಕಾಗಿ ಸ್ಪರ್ಧಿಸುತ್ತಿರುವ ಐವರಲ್ಲಿ ಒಬ್ಬಳು. ಬರಬೇಡವೆಂದು ಅವಳು ಹೇಳಿದ್ದರೂ ಸುಬಾರು ಅರಮನೆಗೆ ಬಂದು, ತಾನೇ ಅವಳ ನೈಟ್ ಎಂದು ತುಂಬಿದ ಸಭೆಯಲ್ಲಿ ಸಾರಿಕೊಳ್ಳುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತೇವಲ್ಲ, ಇವನದು ರಾಜಸಭೆಯ ಮುಂದೆಯೇ! ಜೂಲಿಯಸ್ ಎಂಬ ನಿಜವಾದ ನೈಟ್ ಮರದ ಕತ್ತಿಯಿಂದ ಅವನನ್ನು ಮನಬಂದಂತೆ ಥಳಿಸುತ್ತಾನೆ. ಉತ್ತರನಿಗೆ ಬೃಹನ್ನಳೆಯಾದರೂ ಜೊತೆಗಿದ್ದಳು.

ಆಮೇಲೆ ಗಾಯಗೊಂಡು ಮಲಗಿದವನ ಬಳಿ ಬಂದು ಎಮಿಲಿಯಾ ಕಾರಣ ಕೇಳುತ್ತಾಳೆ. ಎಲ್ಲವೂ ನಿನಗಾಗಿ ಎಂದು ಅವನು. ನಿನಗಾಗಿಯೇ ಅಲ್ಲವೇ ಎಂದು ಅವಳು. ಆಗ ಅವನು ಮಾಡಿದ ಉಪಕಾರಗಳನ್ನೆಲ್ಲ ಎಣಿಸಿ, ತೀರಿಸಲಾರದಷ್ಟು ಋಣ ನಿನ್ನ ಮೇಲಿದೆ ಎಂದು ಕೂಗಾಡುತ್ತಾನೆ. ಅವಳಿಗಾಗಿ ಅವನು ಸತ್ತದ್ದು ನಿಜ. ಅದರ ಸುಳಿವೂ ಅವಳಿಗಿಲ್ಲದಿರುವುದೂ ನಿಜ. ಋಣವನ್ನೆಲ್ಲ ತೀರಿಸಿ ಮುಗಿಸಿಬಿಡೋಣ ಎಂದು ಅವಳು ಹೊರಟುಹೋಗುತ್ತಾಳೆ. ಸುಬಾರುವಿಗೆ ದನಿ ನೀಡಿದ ಯೂಸುಕೆ ಕೊಬಯಾಶಿ ಇಲ್ಲಿ ಅವನನ್ನು ಸ್ವಲ್ಪವೂ ಮುದ್ದಾಗಿಸುವುದಿಲ್ಲ. ಆ ಕರ್ಕಶ ಸ್ವರ ಕೇಳಲು ಹಿಂಸೆಯಾಗುತ್ತದೆ, ಆಗಲೇಬೇಕು.

“ನಿಮಗಾಗಿಯೇ ಊರು, ಬಂಧುಬಳಗ ಬಿಟ್ಟು ಬಂದೆವು” ಎಂದು ಹೊರನಾಡಿನ ತಂದೆತಾಯಿಗಳು ಮಕ್ಕಳಿಗೆ ಹೇಳುವುದುಂಟು. ಬಿಟ್ಟುಬಂದ ನೋವು ನಮಗೆ ನೆನಪಿದೆ, ಇಲ್ಲಿಯೇ ಹುಟ್ಟಿದವರಿಗೆ ಆ ಊರೇ ನೆನಪಿನಲ್ಲಿಲ್ಲ. ಮಕ್ಕಳು ಸಹಿ ಹಾಕದ ಸಾಲಪತ್ರ ಅದು. ಆ ರಾತ್ರಿ ಮುಂದಿನ ಕಂತನ್ನು ಹಾಕದೆ ನಾನೂ ಮಗನೂ ಬಹಳ ಹೊತ್ತು ವಾದಿಸಿದೆವು. ಅವನು ಎಮಿಲಿಯಾಳ ಪಕ್ಷ. ಸುಬಾರುವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಆದರೆ ನಾಯಕನನ್ನು ಇಷ್ಟು ನಿಷ್ಠುರವಾಗಿ ಕಂಡ ಕಥೆ, ಅವನನ್ನು ಮೇಲೆತ್ತುವಾಗ ಜಾರುತ್ತದೆ. ಬಹುಮಂದಿ ಕೊಂಡಾಡುವ 18ನೆಯ ಕಂತು ಹೆಚ್ಚುಕಡಿಮೆ ಪೂರ್ತಿಯಾಗಿ ಇಬ್ಬರ ಸಂಭಾಷಣೆ. ಸೋತ ಸುಬಾರು, ಮನೆಗೆಲಸದ ರೆಮ್‌ಳನ್ನು ತನ್ನೊಡನೆ ಓಡಿಬರುವಂತೆ ಕೇಳುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ, ತಾನು ಹೇಡಿ, ಏನೂ ಇಲ್ಲದವನು ಎಂದು ಅವನು ಹಳಿದುಕೊಂಡಾಗ ಅವನ ಗುಣಗಳನ್ನು ಒಂದೊಂದಾಗಿ ಹೇಳಿ ಧೈರ್ಯ ತುಂಬುತ್ತಾಳೆ. ಅವನು ತನ್ನ ಪ್ರೀತಿ ಎಮಿಲಿಯಾಳಿಗೆ ಎಂದ ಮೇಲೂ ಸೊನ್ನೆಯಿಂದ ಆರಂಭಿಸೋಣ ಎನ್ನುತ್ತಾಳೆ. ಬರವಣಿಗೆ ಚೆನ್ನಾಗಿದೆ, ಕಣ್ಣೂ ತೇವವಾಗುತ್ತದೆ. ಆದರೂ ಎಮಿಲಿಯಾಳಿಂದ ಅವನು ಬಲವಂತವಾಗಿ ಕೇಳಿದ್ದನ್ನು ರೆಮ್ ಕೇಳದೆಯೇ ಕೊಟ್ಟುಬಿಡುತ್ತಾಳೆ. ಅವಳ ಕಡೆಯ ಲೆಕ್ಕವನ್ನು ಕಥೆ ಬಿಚ್ಚುವುದಿಲ್ಲ. ಎರಡನೆಯ ಸರಣಿಯ ಆರಂಭದಲ್ಲಂತೂ ಅವಳ ಹೆಸರು, ನೆನಪು ಎರಡನ್ನೂ ವೈರಿ ನುಂಗಿ, ಅವಳು ನಿದ್ದೆಗೆ ಜಾರುತ್ತಾಳೆ. ಎಮಿಲಿಯಾ ಕೂಡ ಮೊದಲ 25 ಕಂತುಗಳಲ್ಲಿ ಬಹುಮಟ್ಟಿಗೆ ಕಾಪಾಡಿಸಿಕೊಳ್ಳುವ ಪಾತ್ರವೇ. ಅವಳ ಬಾಲ್ಯ ತೆರೆದುಕೊಳ್ಳಲು 2021ರವರೆಗೆ ಕಾಯಬೇಕಾಯಿತು. ರಕ್ತಪಾತವೂ ಅತಿಯಾಯಿತು, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಾಕುವಂಥದ್ದಲ್ಲ. ಎರಡನೆಯ ಸರಣಿಯಲ್ಲಿ ಮಾತು ಹೆಚ್ಚು, ನಡೆ ಕಡಿಮೆ.

ಆ ಸರಣಿಯ ನಾಲ್ಕನೆಯ ಕಂತಿಗಾಗಿ ಅದನ್ನೆಲ್ಲ ಸಹಿಸಬಹುದು. ಗತವನ್ನು ಎದುರಿಸುವ ಪರೀಕ್ಷೆಯೊಂದರಲ್ಲಿ ಸುಬಾರು ಜಪಾನಿನ ತನ್ನ ಮನೆಯ ಹಾಸಿಗೆಯಲ್ಲಿ ಏಳುತ್ತಾನೆ. ಅಪ್ಪ ಎಂದಿನಂತೆ ತಮಾಷೆ ಮಾಡುತ್ತಾನೆ, ಅಮ್ಮ ಶಾಲೆಯ ದಾರಿಯವರೆಗೆ ಜೊತೆಗೆ ಬರುತ್ತಾಳೆ. ನಿಮಗೆ ಏನನ್ನೂ ಹಿಂದಿರುಗಿಸಲಾಗಲಿಲ್ಲವೆಂದು ಅವನು ಅಳುವಾಗ, ಏನೋ ಸಿಗಲೆಂದು ನಿನ್ನನ್ನು ಹೆತ್ತದ್ದಲ್ಲ ಎಂಬರ್ಥದ ಮಾತನ್ನು ಅವಳು ಬಹಳ ಸಹಜವಾಗಿ ಆಡುತ್ತಾಳೆ. ಆದರೆ ಅವರಿಬ್ಬರೂ ಅವನ ನೆನಪುಗಳಿಂದಲೇ ಕಟ್ಟಿದವರು. ನಿಜವಾದ ತಂದೆತಾಯಿಗೆ, ಅಂಗಡಿಗೆ ಹೋದ ಮಗ ಎಲ್ಲಿ ಹೋದನೆಂಬುದು ಇನ್ನೂ ತಿಳಿದಿಲ್ಲ.